ಕೆಂಪು ಕಾರಿನ ಯೋಗ್ಯತಾ ಪರೀಕ್ಷೆ

ಓಡದಿರುವ ವಾಹನವು ವಾಹನವೇ ಅಲ್ಲವಾದ್ದರಿಂದ ಅದನ್ನು ದುರಸ್ತಿ ಮಾಡಿಸತಕ್ಕದ್ದಲ್ಲ ಎಂಬುದು ಮೈಲಿಗಲ್ಲು ನಿರ್ವಹಣಾ ಇಲಾಖೆಯ ಮೊದಲನೆಯ ವಾಹನ ನಿಯಮ. ಓಡುತ್ತಿರುವ ವಾಹನಕ್ಕೆ ದುರಸ್ತಿಯ ಅಗತ್ಯವೇ ಇಲ್ಲ ಎಂಬುದು ಎರಡನೆಯದು. ಈ ಎರಡು ನಿಯಮಗಳ ಆಶ್ರಯದಲ್ಲಿ ಇಲಾಖೆಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ಬಹುಕಾಲದಿಂದ ಧೂಳು ತಿನ್ನುತ್ತಾ ನಿಂತಿತ್ತು.

ಅದು ದಾನವಾಗಿ ಬಂದ ಕಾರು. ಊರಾಚೆ ಬಂಗಲೆ ಕಟ್ಟಿಸಿದ ಶ್ರೀಮಂತರೊಬ್ಬರು ತಮ್ಮ ಮನೆ ಊರಿಗೆ ಇನ್ನಷ್ಟು ಹತ್ತಿರವಾಗಲಿ ಎಂದು ಆಸೆಪಟ್ಟಿದ್ದರು. ಇಲಾಖೆಯು ಮೈಲಿಗಲ್ಲುಗಳನ್ನು ಕಿತ್ತು ಬೇರೆಡೆ ನೆಟ್ಟು ಅವರನ್ನು ಹತ್ತಿರ ಮಾಡಿತು. ಅವರು ಖುಷಿಪಟ್ಟು ಕಾರು ಕೊಟ್ಟರು. ಕಾರು ಬಂದ ಮೇಲೆ ಚಾಲಕ ಬೇಕಲ್ಲ, ಒಬ್ಬನನ್ನು ನೇಮಿಸಲಾಯಿತು. ಅವನು ಕೆಲಸಕ್ಕೆ ಸೇರುವ ಹೊತ್ತಿಗೆ ಕಾರು ಕೆಟ್ಟು ಕೂತಿತ್ತು. ಆಫೀಸಿನವರು ಅವನನ್ನು ಸಾರಥಿ ಎಂದು ಕರೆಯತೊಡಗಿದರು, ಅವನೂ ಓಗೊಡತೊಡಗಿದ.

ಸಾರಥಿಗೆ ಆ ಕಾರೆಂದರೆ ಪ್ರಾಣ. ಬೆಳಿಗ್ಗೆ ಬಂದು ಒರೆಸುವುದು, ಸೀಟಿನಲ್ಲಿ ಸಂಸಾರ ಹೂಡಿದ ಇಲಿಗಳನ್ನು ಗದರಿಸುವುದು, ಆಮೇಲೆ ಸ್ಟೀರಿಂಗ್ ಹಿಡಿದು ಸಂಜೆಯವರೆಗೆ ಕೂರುವುದು ಅವನ ಕರ್ತವ್ಯ. ಮನೆಗೆ ಹೋಗಿ ಹೆಂಡತಿಯ ಹತ್ತಿರ, "ಇವತ್ತು ಏನು ಟ್ರಾಫಿಕ್ಕು ಅಂತೀಯ," ಎನ್ನುತ್ತಿದ್ದ. ಅವಳು ಪಾಪ, ಅವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಒಂದೇ ಒಂದು ಸಲ ಅದನ್ನು ನಿಜವಾಗಿ ಓಡಿಸಬೇಕು ಎಂಬ ಆಸೆಯನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಹೊಸದಾಗಿ ಬಂದ ದೊಡ್ಡ ಸಾಹೇಬರು ಒಂದು ದಿನ ಶೆಡ್ಡಿಗೆ ಇಣುಕಿ, "ಇದು ಉಳಿಸೋಕೆ ಲಾಯಕ್ಕೋ ಗುಜರಿಗೆ ಲಾಯಕ್ಕೋ, ತೀರ್ಮಾನ ಆಗಲಿ," ಎಂದರು. ಕಾರು ಗುಜರಿಗೆ ಹೋದರೆ ಚಾಲಕನ ಹುದ್ದೆಯೂ ಅದರ ಹಿಂದೆಯೇ ಹೋಗುತ್ತದೆ ಎಂದು ಲೆಕ್ಕಪತ್ರ ವಿಭಾಗದ ಮೇಡಂ ವಿವರಿಸಿದರು. ಸಾರಥಿ ಅವರ ಮೇಜಿಗೇ ಓಡಿದ.

"ಮೇಡಂ, ರಿಪೇರಿ ಮಾಡಿಸಿದ್ರೆ ಓಡುತ್ತೆ."

"ಓಡದೆ ಇದ್ರೆ ರಿಪೇರಿ ಮಾಡಿಸೋ ಹಾಗಿಲ್ಲ. ಓಡಿದ್ರೆ ರಿಪೇರಿ ಬೇಕಾಗೇ ಇಲ್ಲ. ನಿಯಮ ಎಷ್ಟು ಸ್ಪಷ್ಟವಾಗಿದೆ ನೋಡಿ."

ಆದರೆ ಮೇಡಂ ಕರುಳಿದ್ದವರು. ಊಟದ ಡಬ್ಬಿ ಮುಚ್ಚುತ್ತಾ ಹೇಳಿದರು: "ಓಡೋದು ಅಂದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋದು. ಯಾರ ಬಲದಿಂದ ಅಂತ ಎಲ್ಲೂ ಬರೆದಿಲ್ಲವಲ್ಲ?"

ಮರುದಿನ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು: "ಯೋಗ್ಯತಾ ಪರೀಕ್ಷೆಯ ನಿಮಿತ್ತ ಸಮಸ್ತ ಸಿಬ್ಬಂದಿಯು ಗಟ್ಟಿ ಚಪ್ಪಲಿ ಧರಿಸಿ ವಾಹನದ ಹಿಂಭಾಗದಲ್ಲಿ ಹಾಜರಿರತಕ್ಕದ್ದು. ಮುಂಭಾಗದಲ್ಲಿ ಹಾಜರಾಗುವವರ ಬಗ್ಗೆ ಇಲಾಖೆಯು ಹೊಣೆಯಲ್ಲ."

ಎಲ್ಲರೂ ತಳ್ಳಿದರು. ಸಾಹೇಬರು ಸಾರಥಿಯ ಪಕ್ಕದಲ್ಲಿ ಕೂತರು. ಅಂಚೆ ಕಚೇರಿಯ ಇಳಿಜಾರು ಸಿಕ್ಕಿದ್ದೇ ತಡ, ಕಾರು ಬಿಟ್ಟ ಬಾಣವಾಯಿತು. ಗುಮಾಸ್ತರು ಚಪ್ಪಲಿ ಕೈಗೆತ್ತಿಕೊಂಡು ಹಿಂದೆ ಓಡಿದರು. ಸಾಹೇಬರು ಮಗುವಿನ ಹಾಗೆ ನಗುತ್ತಾ, "ಸ್ಪೋರ್ಟ್ಸ್ ಕಾರು ಅಂದ್ಮೇಲೆ ಸದ್ದು ಬೇಕಲ್ಲಪ್ಪ," ಎಂದರು. ಸಾರಥಿ ಬಾಯಲ್ಲೇ ಬುರ್ರ್ ಎಂದ.

ವರದಿ ಅಮೋಘವಾಗಿತ್ತು. ಇಂಧನ ವೆಚ್ಚ ಇಲ್ಲ. ಹೊಗೆ ಇಲ್ಲ, ಹೆಡ್ ಗುಮಾಸ್ತರ ಬೀಡಿಯದನ್ನು ಬಿಟ್ಟರೆ. ಇಂಜಿನ್ನಿನ ಸದ್ದು ತೃಪ್ತಿಕರ. ಕಾರು ಉಳಿಸಲು ಯೋಗ್ಯವೆಂದು ಘೋಷಿಸಿ, ಖಾಯಂ ಆಗಿ ತಳ್ಳಲು 'ಚಾಲನಾ ಬಲ ಸಹಾಯಕ' ಎಂಬ ಹುದ್ದೆಗಳನ್ನು ಸೃಷ್ಟಿಸಲಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಕೊರತೆಯೇ? ಸಾಹೇಬರ ಅಳಿಯ, ಮೇಡಂ ಅವರ ತಮ್ಮ, ಹೆಡ್ ಗುಮಾಸ್ತರ ಇಬ್ಬರು ಷಡ್ಡಕರು ಕೂಡಲೇ ನೇಮಕಗೊಂಡರು. ಅಳಿಯನಿಗೆ ಬೆನ್ನುನೋವು ಇದ್ದುದರಿಂದ ಅವನು ಮನೆಯಿಂದಲೇ ತಳ್ಳಬಹುದೆಂದು ಆದೇಶವಾಯಿತು.

ಸಾರಥಿಯ ಹುದ್ದೆ ಉಳಿಯಿತು, ಆಸೆ ಹಾಗೇ ಉಳಿಯಿತು. ಒಂದು ರಜೆಯ ದಿನ ಅವನು ಹೆಂಡತಿಯ ತಮ್ಮನನ್ನು, ಗ್ಯಾರೇಜು ಇಟ್ಟಿದ್ದವನನ್ನು, ಶೆಡ್ಡಿಗೆ ಕರೆತಂದ. ಅವನು ಬಾನೆಟ್ಟಿನೊಳಗೆ ತಲೆ ಹಾಕಿ, "ಭಾವ, ಇಂಜಿನ್ನು ಕಲ್ಲುಗುಂಡಿನ ಹಾಗಿದೆ. ಒಂದು ವೈರು ಇಲಿ ಕಡಿದಿದೆ ಅಷ್ಟೆ," ಎಂದ. ವೈರು ಜೋಡಿಸಿ, ಬ್ಯಾಟರಿ ಬದಲಿಸಿ, ಪೆಟ್ರೋಲು ಸುರಿದು, "ನೀವೇ ಶುರು ಮಾಡಿ ನೋಡಿ," ಎಂದು ಹೊರಟುಹೋದ. ಸಾರಥಿಗೆ ಆ ದಿನ ಧೈರ್ಯ ಬರಲಿಲ್ಲ.

ಮರುದಿನ ಸಾಹೇಬರು ಪಕ್ಕದಲ್ಲಿದ್ದರು, ಸಹಾಯಕರು ಹಿಂದೆ ಭುಜ ಕೊಟ್ಟಿದ್ದರು. ಸಾರಥಿಯ ಕೈ ತಡೆಯಲಿಲ್ಲ, ಕೀಲಿ ತಿರುಗಿಸಿಬಿಟ್ಟ. ಕಾರು ಗರ್ಜಿಸಿ ನೆಗೆಯಿತು. ತಳ್ಳುತ್ತಿದ್ದವರೆಲ್ಲ ಸಾಲಾಗಿ ರಸ್ತೆಗೆ ಮುತ್ತಿಟ್ಟರು. ಊರು ಹಿಂದೆ ಬಿತ್ತು, ಬಂಗಲೆ ಹಿಂದೆ ಬಿತ್ತು, ಸುಳ್ಳು ಹೇಳುವ ಮೈಲಿಗಲ್ಲುಗಳೆಲ್ಲ ಹಿಂದೆ ಬಿದ್ದವು. ಸಾಹೇಬರು ಕೈ ಮೇಲೆತ್ತಿ ಕೇಕೆ ಹಾಕಿದರು. ಸಾರಥಿಗೆ ಜನ್ಮ ಸಾರ್ಥಕವಾದಂತೆನಿಸಿ ಕಣ್ಣು ತುಂಬಿ ಬಂತು.

ವಾಪಸು ಬಂದಾಗ ಸಹಾಯಕರು ಮೂಗು ಒರೆಸಿಕೊಳ್ಳುತ್ತಾ ಗೇಟಿನಲ್ಲಿ ನಿಂತಿದ್ದರು. "ನಮ್ಮ ಹೊಟ್ಟೆ ಮೇಲೆ ಯಾಕಪ್ಪ ಹೊಡೀತೀಯ?" ಎಂದು ಹಿರಿಯ ಷಡ್ಡಕರು ಕೇಳಿದರು. ತುರ್ತು ಸಭೆ ಸೇರಿತು. ವಾಹನದಲ್ಲಿ ತಾನಾಗಿ ಓಡುವ ದೋಷ ಕಂಡುಬಂದಿದೆ, ದೋಷವುಳ್ಳ ವಾಹನ ಗುಜರಿಗೆ ಎಂದು ಸಭೆ ಅಭಿಪ್ರಾಯಪಟ್ಟಿತು. ಕಾರಿನ ಹಿಂದೆಯೇ ಹೋಗಲಿದ್ದ ಅಳಿಯನ ಹುದ್ದೆಯನ್ನು ನೆನೆದು ಸಾಹೇಬರು ತಲೆ ತಗ್ಗಿಸಿದರು.

"ದೋಷ ತೆಗೆಯೋಕೆ ಆಗಲ್ವೇನಪ್ಪ ಸಾರಥಿ?"

"ಓಡೋ ವಾಹನನ ರಿಪೇರಿ ಮಾಡೋ ಹಾಗಿಲ್ಲವಲ್ಲ ಸಾರ್."

"ರಿಪೇರಿ ಮಾಡೋ ಹಾಗಿಲ್ಲ," ಎಂದರು ಮೇಡಂ ಮೆಲ್ಲಗೆ. "ಕೆಡಿಸಬಾರದು ಅಂತ ಯಾವ ನಿಯಮವೂ ಇಲ್ಲ."

ಎಲ್ಲರೂ ಅವನನ್ನೇ ನೋಡಿದರು. ಕಾರು ಉಳಿಯಬೇಕು, ತಾನೂ ಉಳಿಯಬೇಕು. ಸಾರಥಿ ಬಾನೆಟ್ಟು ಎತ್ತಿ, ಇನ್ನೂ ಬಿಸಿಯಾಗಿದ್ದ ಇಂಜಿನ್ನಿನ ಮೇಲೆ ಒಂದು ಗಳಿಗೆ ಕೈಯಿಟ್ಟು, ವೈರು ಕಿತ್ತ. ಸಭೆ ಚಪ್ಪಾಳೆ ತಟ್ಟಿತು.

ಆ ಸಂಜೆ ಮನೆಯಲ್ಲಿ ಹೇಳಿದ: "ಇವತ್ತು ಕಾರು ಓಡಿಸಿದೆ ಕಣೇ."

"ದಿನಾ ಓಡಿಸ್ತೀರಲ್ಲ, ಅದರಲ್ಲೇನು?" ಎನ್ನುತ್ತಾ ಅವಳು ಎಣ್ಣೆಯ ಬಟ್ಟಲು ತಂದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಸಹಾಯಕರು ಭುಜ ಕೊಟ್ಟರು. ಸಾರಥಿ ಸದ್ದು ಶುರು ಮಾಡಿದ. ಸಾಹೇಬರು ಕಣ್ಣು ಮುಚ್ಚಿ ಕೇಳಿ, "ಮೊದಲಿಗಿಂತ ಚೆನ್ನಾಗಿ ಬರ್ತಿದೆಯಲ್ಲಪ್ಪ," ಎಂದರು.

"ಈಗ ಗೊತ್ತಾಯ್ತಲ್ಲ ಸಾರ್, ಹೇಗಿರುತ್ತೆ ಅಂತ."

ಅಂಚೆ ಕಚೇರಿಯ ಹತ್ತಿರ ಅವನು ಗೇರು ಬದಲಿಸಿ ಬಾಯಲ್ಲೇ ದನಿ ಏರಿಸಿದ. ಹಿಂದಿದ್ದವರು, ಯಾರೂ ಹೇಳದಿದ್ದರೂ, ಜೋರಾಗಿ ಓಡತೊಡಗಿದರು.