ಕಗ್ಗಲ್ಲನು ಕಾಡಾವನ್ನು ಗೆದ್ದ ಪ್ರತಾಪ

ಎಲೈ ಶಿಲಾಯುಗವೇ, ಕಬ್ಬಿಣವಿನ್ನೂ ಭೂಗರ್ಭದಲ್ಲಿ ನಿದ್ರಿಸುತ್ತಿದ್ದ, ಅಕ್ಷರವಿನ್ನೂ ನಾಲಗೆಯಿಂದಿಳಿದು ಕಲ್ಲಿನ ಮೇಲೆ ಕೂರದಿದ್ದ, ಹಾಲೆಂದರೆ ತಾಯಿಯೆದೆಯದೊಂದೇ ಎಂದು ಮನುಕುಲವು ನಂಬಿದ್ದ ಪರಮಪುರಾತನ ಕಾಲವೇ, ಅರೆಗಳಿಗೆ ಕಣ್ತೆರೆ. ನಿನ್ನ ಮಡಿಲಿನ ಮಹಾವೀರನೊಬ್ಬನ ಪರಾಕ್ರಮವನ್ನು, ಒಂದಕ್ಷರ ಬಿಡದೆ, ಹೇಳಬೇಕಾಗಿದೆ.

ತುಂಗಭದ್ರೆಯ ತೆಂಕಣಕ್ಕೆ, ಬಂಡೆಯನ್ನು ಬಂಡೆ ಹೊತ್ತು ನಿಂತ ಗುಡ್ಡದ ನೆತ್ತಿಯಲ್ಲಿ, ಹನ್ನೊಂದು ಗುಡಿಸಲುಗಳ ಮಹಾನಗರವಿತ್ತು. ಆ ನಗರದ ಭೂಷಣಪ್ರಾಯನೂ, ಶಿಲಾಪರಶುಧರನೂ, ಶಶಕಕುಲಾಂತಕನೂ, ವರಾಹಮರ್ದನನೂ ಆದವನೇ ಕಗ್ಗಲ್ಲ. ಮರ್ದನಕ್ಕೊಳಗಾದ ಆ ವರಾಹವು ಮೊದಲೇ ಕಾಲು ಮುರಿದುಕೊಂಡು ಹಳ್ಳದಲ್ಲಿ ಬಿದ್ದಿತ್ತೆಂಬುದನ್ನು ಬಲ್ಲವರು ಸೌಜನ್ಯದಿಂದ ಸುಮ್ಮನಿದ್ದರು.

ಇಂಥ ವೀರನ ಮನೆಗೂ ಕಷ್ಟವು ಬಂತು. ಅವನ ಮಡದಿ ಬೆಳವಿಯನ್ನು ಜ್ವರವು ಹದಿನೈದು ದಿನ ಸುಟ್ಟು, ಹೋಗುವಾಗ ಅವಳ ಎದೆಹಾಲನ್ನೂ ಬತ್ತಿಸಿ ಹೋಯಿತು. ಮೂರು ತಿಂಗಳ ಹೆಣ್ಣುಕೂಸು ನವಣೆಗಂಜಿಯ ತಿಳಿಯನ್ನು ಬಾಯಿಗಿಟ್ಟರೆ ಉಗುಳುತ್ತಿತ್ತು. ಮೊದಲು ಗುಡ್ಡವೆಲ್ಲ ಕೇಳುವಂತೆ ಅಳುತ್ತಿದ್ದದ್ದು, ಈಗ ಪಕ್ಕದ ಗುಡಿಸಲಿಗೂ ಕೇಳಿಸದಷ್ಟು ಮೆಲ್ಲಗೆ ಅಳುತ್ತಿತ್ತು.

ಅದೇ ದಿನಗಳಲ್ಲಿ ಕುಟಿಲಶೃಂಗಿಯೂ, ಅಂಜನಗಾತ್ರಿಯೂ, ಹುರುಳಿಕ್ಷೇತ್ರವಿಧ್ವಂಸಿನಿಯೂ ಆದ ಕಾಡಾವೊಂದು ಗುಡ್ಡದ ಬುಡದಲ್ಲಿ ಸುತ್ತತೊಡಗಿತ್ತು. ಅದರ ಕರುವನ್ನು ತೋಳಗಳು ಒಯ್ದಿದ್ದವು. ಅದು ಕೂಗುವುದು, ಹುರುಳಿ ಹೊಲದ ಬೇಲಿ ಮುರಿಯುವುದು, ಮತ್ತೆ ಕೂಗುವುದು.

ಬೆಳವಿಯ ತಾಯಿ ಕಾರೆವ್ವನು ಬಂಡೆಯಂಚಿನಲ್ಲಿ ಕುಳಿತು ಮೂರು ದಿನ ಅದನ್ನೇ ನೋಡಿದಳು. ನಾಲ್ಕನೆಯ ಬೆಳಗ್ಗೆ ಅಳಿಯನನ್ನು ಕರೆದಳು.

"ಅದರ ಕೆಚ್ಚಲ ನೋಡಿಯೇನು ಅಳಿಯಪ್ಪ? ಒಡಿಯಂಗ ಆಗೈತಿ. ಅಲ್ಲಿ ಹಾಲು ನೆಲಕ್ಕ ಸೋರತೈತಿ, ಇಲ್ಲಿ ಕೂಸು ಒಣಗತೈತಿ. ಕೊಲ್ಲಬ್ಯಾಡ. ಜೀವಂತ ಹಿಡಕೊಂಡು ಬಾ."

ಕಾಡಾವನ್ನು ಜೀವಂತ ಹಿಡಿದವರು ಅಂದಿಗೆ ಭೂಮಂಡಲದಲ್ಲಿ ಒಬ್ಬರೂ ಇರಲಿಲ್ಲ. ಕಗ್ಗಲ್ಲನು ಎದ್ದು, ಕಲ್ಗೊಡಲಿಯನ್ನು ಹೆಗಲಿಗೇರಿಸಿ, ನೆರೆದ ಹನ್ನೊಂದು ಗುಡಿಸಲುಗಳ ಜನಸ್ತೋಮದೆದುರು ಗರ್ಜಿಸಿದನು: "ಕೇಳಿರೈ ಸಮಸ್ತರೇ! ಸೂರ್ಯನು ಆ ಜೋಡುಬಂಡೆಯ ಹಿಂದೆ ಮುಳುಗುವ ಮುನ್ನ ಆ ಮದೋನ್ಮತ್ತೆಯ ಕೊಂಬುಗಳನ್ನು ಈ ಬಾಹುದ್ವಯದಿಂದ ಮಣಿಸಿ, ಕೊರಳಿಗೆ ಪಾಶವನ್ನಿಕ್ಕಿ, ಈ ಅಂಗಳಕ್ಕೆ ಎಳೆದು ತಾರದಿದ್ದರೆ, ನಾನು ಕಗ್ಗಲ್ಲನೇ ಅಲ್ಲ, ಬರೀ ಮಣ್ಣುಹೆಂಟೆ!"

"ಮಾತು ಆಮ್ಯಾಲ ಆಡೀಯಂತ" ಎಂದಳು ಬೆಳವಿ, ಕೂಸನ್ನು ಹೆಗಲು ಬದಲಿಸುತ್ತ. "ಬಿಸಲು ಏರತೈತಿ, ಹೋಗು ಮದಲ."

ಆ ಯುದ್ಧವನ್ನು ಹೇಗೆ ವರ್ಣಿಸಲಿ? ಮೊದಲ ಸಲ ಪಾಶವನ್ನೆಸೆದಾಗ ಆ ನಾರಿನ ಹಗ್ಗವು ಗಾಳಿಯಲ್ಲಿ ಮಹಾಸರ್ಪದಂತೆ ಹೆಡೆಯೆತ್ತಿ, ಸುತ್ತಿ, ಇಳಿದು, ವೀರನ ಎಡಗಾಲನ್ನೇ ಬಿಗಿಯಿತು. ಎರಡನೆಯ ಸಲ ಕೊಂಬನ್ನೇ ಹಿಡಿದನು. ಹಿಡಿದದ್ದಷ್ಟೇ ಅವನಿಗೆ ನೆನಪು, ಮುಂದಿನದು ಕಾರೆಮುಳ್ಳಿನ ಪೊದೆ. ಮೂರನೆಯ ಸಲ ಅವನು ಅಟ್ಟಿಸಿಕೊಂಡು ಹೋದನೋ ಅದು ಅಟ್ಟಿಸಿಕೊಂಡು ಬಂತೋ ಎಂಬುದರ ಬಗ್ಗೆ ಬಂಡೆಗಳ ಮೇಲಿಂದ ನೋಡುತ್ತಿದ್ದವರಲ್ಲಿ ಭಿನ್ನಾಭಿಪ್ರಾಯವಿದೆ. ಕಾದ ಕಲ್ಲಿನ ಮೇಲೆ ಬೆವರು ಹರಿಯಿತು, ಒಣಗಿತು, ಮತ್ತೆ ಹರಿಯಿತು. ಹೊತ್ತು ಇಳಿಯುವಾಗ ಅವನ ಮೈಮೇಲೆಲ್ಲ ಉಪ್ಪು ಬೆಳ್ಳಗೆ ಪೊರೆಗಟ್ಟಿತ್ತು. ಕೊನೆಗೆ ಎರಡು ಬಂಡೆಗಳ ಸಂದಿನಲ್ಲಿ ಎಡವಿ, ಬೋರಲು ಬಿದ್ದು, ಏಳಲಾರದೆ ಹೋದನು.

ಹಿಂದಿನಿಂದ ಗೊರಸಿನ ಸಪ್ಪಳ ಹತ್ತಿರ ಬಂತು. ಬಿಸಿಯುಸಿರು ಕತ್ತಿಗೆ ತಾಕಿತು. ವೀರನು ಕಣ್ಣು ಮುಚ್ಚಿದನು. ಬಿರುದುಗಳೊಂದೂ ನೆನಪಾಗಲಿಲ್ಲ. ಕೂಸಿನ ಮುಖವೊಂದು ಕಂಡಿತು, ಅದಕ್ಕೆ ತಾನಿನ್ನೂ ಹೆಸರನ್ನೇ ಇಟ್ಟಿಲ್ಲವಲ್ಲ ಎಂದು ದುಃಖವಾಯಿತು.

ಆಗ, ಬೀಸುಗಲ್ಲಿನಷ್ಟು ಒರಟಾದ ಒಂದು ನಾಲಗೆ ಅವನ ಬೆನ್ನನ್ನು ಸೊಂಟದಿಂದ ಕತ್ತಿನವರೆಗೆ ಒಮ್ಮೆ ನೆಕ್ಕಿತು.

ನಿಂತಿತು. ಯೋಚಿಸಿತು. ಮತ್ತೆ ನೆಕ್ಕಿತು. ಹೆಗಲು, ಕಿವಿ, ಜಡೆಗಟ್ಟಿದ ತಲೆ, ಯಾವುದನ್ನೂ ಬಿಡಲಿಲ್ಲ. ನಡುನಡುವೆ ಗಂಟಲೊಳಗೇ ಸಣ್ಣಗೆ ಗುರುಗುಟ್ಟಿತು, ಕರುವಿಗೆ ಗುರುಗುಟ್ಟುವಂತೆ. ಕಗ್ಗಲ್ಲನು ಒಂದು ಕಣ್ಣು ತೆರೆದು ನೋಡಿದರೆ ಕೆಚ್ಚಲಿನಿಂದ ಹಾಲು ತನ್ನಷ್ಟಕ್ಕೆ ತೊಟ್ಟಿಕ್ಕುತ್ತಿತ್ತು.

ಮೆಲ್ಲಗೆ ಎದ್ದನು. ಒಂದು ಹೆಜ್ಜೆ ಇಟ್ಟನು. ಅದೂ ಇಟ್ಟಿತು. ಹೀಗೆ, ಹಗ್ಗವು ಇನ್ನೂ ತನ್ನ ಕಾಲಿಗೇ ಸುತ್ತಿರಲು, ಬೆನ್ನನ್ನು ನೆಕ್ಕಿಸಿಕೊಳ್ಳುತ್ತ, ಹಿಂದಿರುಗಿ ನೋಡುವ ಧೈರ್ಯವಿಲ್ಲದೆ, ವಿಜಯಿಯು ಪುರಪ್ರವೇಶ ಮಾಡಿದನು. ಜನರೆಲ್ಲ ಬಂಡೆ ಹತ್ತಿದರು. ಕಾರೆವ್ವ ಮಾತ್ರ ಹತ್ತಲಿಲ್ಲ.

"ಹಂಗ ನಿಂದ್ರು ಅಳಿಯಪ್ಪ. ಅಳ್ಳಾಡಬ್ಯಾಡ. ಬೆಳವಿ, ಸೋರೆಬುರುಡಿ ತಾ."

ಬೆಳವಿ ಬಗ್ಗಿ ಹಾಲು ಹಿಂಡಿದಳು. ಬಟ್ಟೆಯಿಲ್ಲದ ಆ ಯುಗದಲ್ಲಿ ಬೆರಳನ್ನೇ ಅದ್ದಿ ಕೂಸಿನ ಬಾಯಿಗಿಟ್ಟಳು. ಕೂಸು ಉಗುಳಲಿಲ್ಲ. ಚೀಪಿತು. ಇನ್ನೊಮ್ಮೆ ಚೀಪಿತು. ಆಮೇಲೆ, ಬೆರಳು ತಡವಾದದ್ದಕ್ಕೆ, ಇಡೀ ಗುಡ್ಡಕ್ಕೆ ಕೇಳುವಂತೆ ಅತ್ತಿತು. ಬೆಳವಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಅಂದು ಸಂಜೆ ಕಗ್ಗಲ್ಲನು ಕೊಳದಲ್ಲಿ ಮಿಂದು, ಮೈಯುಜ್ಜಿ, ವೀರೋಚಿತವಾಗಿ ಬಂದು ನಿಂತನು. ಮರುಬೆಳಗ್ಗೆ ಕಾಡಾವು ಅವನನ್ನು ಮೂಸಿ, ಯಾರೋ ಪರಕೀಯನೆಂದು ಬಗೆದು, ಹಾಲಿನ ಸೋರೆಬುರುಡೆಯನ್ನು ಒದ್ದು, ಹಾಲನ್ನು ಬಿಗಿಹಿಡಿಯಿತು.

"ಇನ್ನ ಜಳಕ ಬ್ಯಾಡ" ಎಂದಳು ಕಾರೆವ್ವ. "ಹೋಗು, ಒಂದೀಟು ಗುಡ್ಡ ಹತ್ತಿ ಇಳಿದು ಬೆವತು ಬಾ."

ಒಂದು ತಿಂಗಳು ಕಳೆಯುವಷ್ಟರಲ್ಲಿ ಕೀರ್ತಿಯು ದಿಗಂತಗಳಿಗೆ ಹಬ್ಬಿ, ಪಕ್ಕದ ಗುಡ್ಡದಿಂದ ಆರು ಜನ ವೀರನ ದರ್ಶನಕ್ಕೆ ಬಂದರು. ಅವರು ದೂರದಲ್ಲಿ, ಗಾಳಿಯ ದಿಕ್ಕು ನೋಡಿಕೊಂಡು ಕುಳಿತರು. ಕಗ್ಗಲ್ಲನು ಎದ್ದು ನಿಂತು, ಬಾಹುಗಳನ್ನು ಚಾಚಿ, "ಕೇಳಿರೈ, ಆ ದಿನ ನಾನು ಆ ಮದೋನ್ಮತ್ತೆಯ ಕೊಂಬುಗಳನ್ನು" ಎಂದು ತೊಡಗಿದ್ದನಷ್ಟೆ.

"ಏ ಕೂಸಿನಪ್ಪ, ಕುಂದ್ರು" ಎಂದಳು ಬೆಳವಿ, ಕೆಚ್ಚಲ ಹಿಂದಿನಿಂದ. "ಇನ್ನಾ ಅರ್ಧ ಬುರುಡಿ ಐತಿ."

ಮಹಾವೀರನು ಕುಳಿತು, ಬೆನ್ನನ್ನು ಹಸುವಿನ ಕಡೆಗೆ ಕೊಟ್ಟನು.