ಕಿವಿಗೆ ಹಚ್ಚದ ಫೋನು

ನಗಬಾರದ ಕಡೆಯೇ ನಗು ಬರುವಂಥ ಪ್ರಸಂಗಗಳು ನನ್ನ ಬೆನ್ನು ಬಿಟ್ಟಿಲ್ಲ. ಗೋಕುಲ ರಸ್ತೆಯ ಮೋಟಾರ್ ರಿಪೇರಿ ಅಂಗಡಿಯಲ್ಲಿ ನನ್ನ ಪಕ್ಕ ಕೂತು ತಂತಿ ಸುತ್ತುತ್ತಿದ್ದ ಗೆಳೆಯನ ದೆಸೆಯಿಂದ ಆದವಂತೂ ಒಂದೆರಡಲ್ಲ. ಅವನು ಈಗಿಲ್ಲ. ಇದ್ದಿದ್ದರೆ ಇವನ್ನು ನನಗಿಂತ ಛಲೋ ಹೇಳುತ್ತಿದ್ದ.

ಕಾಗದದ ಅಂಗಿ

ಇನ್‌ಕಮಿಂಗ್ ಕರೆ ಪುಕ್ಕಟೆಯಾದ ಹೊಸದರಲ್ಲಿ ನಾನೊಂದು ಮೊಬೈಲ್ ಕೊಂಡೆ. ಅದರಿಂದ ತಲೆಯಲ್ಲಿ ಗಡ್ಡೆ ಬೆಳೆಯುತ್ತದೆಂದು ಗೆಳೆಯ ಎಲ್ಲೋ ಓದಿದ್ದ. ಕರೆಂಟ್ ಹಾಯದಿರಲೆಂದು ಮೋಟಾರಿನ ತಂತಿಗಳ ನಡುವೆ ನಾವು ಒಂದು ದಪ್ಪ ಕಾಗದ ಸೇರಿಸುತ್ತೇವೆ. ನಾನು ಚಹಾಕ್ಕೆ ಹೋಗಿ ಬರುವುದರೊಳಗೆ ಅವನು ನನ್ನ ಫೋನಿಗೆ ಅದೇ ಕಾಗದ ಸುತ್ತಿ, ದಾರ ಬಿಗಿದು, ಮೇಲೆ ವಾರ್ನಿಷ್ ಬೇರೆ ಬಳಿದಿದ್ದ.

“ಐದು ಎಚ್‌ಪಿ ಮೋಟಾರಿನ ಕರೆಂಟ್ ತಡೀತೈತಿ, ಇದರದೇನು ಹೇಳ್ತಿ,” ಎಂದ.

ಮರುದಿನ ಮುಗದ ಊರಿನ ಗಿರಾಕಿಯೊಬ್ಬರು ಹೊಲದ ಕೆಲಸ ಬಿಟ್ಟು ಬಸ್ಸು ಹತ್ತಿ ಬಂದರು. “ಫೋನಿನ್ಯಾಗ ನಿಮ್ಮ ದನಿ ಬಾವ್ಯಾಗಿಂದ ಬಂದಂಗ ಬಂತ್ರಿ. ನೀವ ಬಿದ್ದೀರೋ, ನನ್ನ ಮೋಟಾರ್ ಬಿದ್ದೈತೋ ನೋಡೂಣಂತ ಬಂದೆ.”

ಡಾಕ್ಟರ ವಾಯಿದೆ

ಕೆಲವು ವರ್ಷಗಳ ಮೇಲೆ ತಲೆಶೂಲೆ ಶುರುವಾದದ್ದು ಅವನಿಗೆ. ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ನನ್ನಿಂದಲೇ ಆಯಿತೇನೋ ಎಂದು ನನಗೆ ವಿಪರೀತ ಸಂಕಟವಾಯಿತು.

“ಇವನ ಫೋನಿಂದ ಆಗಿರಬೇಕಲ್ರಿ?” ಎಂದು ಗೆಳೆಯ ಕೇಳಿದ.

“ಬಾಜೂಕ ಕೂತವರಿಗೆ ಅದರಿಂದ ಏನೂ ಆಗೂದಿಲ್ರಿ,” ಎಂದರು ಡಾಕ್ಟರು. “ಸ್ವತಃ ಭಾಳ ವರ್ಷ ಬಳಸಿದವರಿಗೆ ಏನಾಗ್ತೈತಿ ಅನ್ನೂದಽ ಇನ್ನೂ ಖಾತ್ರಿ ಇಲ್ಲ. ಹತ್ತಿಪ್ಪತ್ತು ವರ್ಷ ಹೋದ ಮ್ಯಾಲ ತಿಳೀಬಹುದು.”

“ತಿಳಿದ ಕೂಡಲೇ ನನಗೂ ಒಂದು ಮಾತು ಹೇಳಿ ಕಳಸ್ರಿ,” ಎಂದ ಗೆಳೆಯ.

ಹೊರಗೆ ಬಂದ ಮೇಲೆ ನನ್ನ ಮೋರೆ ನೋಡಿ ಅವನೇ ನನ್ನ ಹೆಗಲ ಮೇಲೆ ಕೈ ಹಾಕಿದ. “ಫೋನು ನಿಂದು, ಗಡ್ಡಿ ನಂದು. ಪಾಲು ಛಲೋ ಆತು ಬಿಡಪಾ.”

ರೊಟ್ಟಿಯ ಕರೆ

ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದಾಗಲೆಲ್ಲ ನಾನು ವಾರ್ಡಿನ ಬಾಗಿಲಲ್ಲೇ ಫೋನ್ ಬಂದ್ ಮಾಡುತ್ತಿದ್ದೆ. ಒಂದು ದಿನ ಅವನೇ ಬೈದ.

“ಚಾಲೂ ಮಾಡೋ ಮಾರಾಯಾ. ಇನ್ನೇನು ಕೆಡೂದೈತಿ? ನನ್ನ ಹೇಣ್ತಿಗೆ ಹಚ್ಚು. ಗಂಜಿ ಕುಡದು ಸಾಕಾಗೇತಿ, ರೊಟ್ಟಿ, ಕೆಂಪು ಚಟ್ನಿ ತರಾಕ ಹೇಳು.”

ನಂಬರ್ ಹಚ್ಚಿ ಫೋನನ್ನು ಅವನತ್ತ ಚಾಚಿದೆ. ಏಳಲೂ ಆಗದವನು ಗಾಬರಿಯಾಗಿ ಗೋಡೆಯತ್ತ ಸರಿದ. “ನೀನ ಮಾತಾಡು! ನಾ ಇನ್ನೂ ಆರಾಮ ಆಗೂದೈತಿ!”

ರೂಢಿ

ಅವನು ಆರಾಮಾಗಲಿಲ್ಲ.

ತೀರಿಕೊಂಡ ಮರುದಿನ ಮನೆಯವರನ್ನು ಮಾತಾಡಿಸಿ ಬರಲು ಗೋಪನಕೊಪ್ಪದ ಅವನ ಮನೆಗೆ ಹೋದೆ. ಅವನ ಕಾಕಾ ಜಮಖಾನೆಯ ಮೇಲೆ ಕೂತು ಊರೂರಿನ ಬೀಗರಿಗೆ ಮೊಬೈಲಿನಲ್ಲಿ ಸುದ್ದಿ ಮುಟ್ಟಿಸುತ್ತಿದ್ದರು. ಪ್ರತಿ ಸಲವೂ ಕೊನೆಗೆ, “ಈ ಮೊಬೈಲ ನಮ್ಮ ಹುಡುಗನ್ನ ತಿಂತು ನೋಡ್ರಿ,” ಎನ್ನುತ್ತಿದ್ದರು.

ಮೂಲೆಯಲ್ಲಿ ಕೂತಿದ್ದ ಗೆಳೆಯನ ಹೆಂಡತಿಗೆ ತಡೆಯಲಾಗಲಿಲ್ಲ. “ಕಾಕಾರ, ಅವರು ಒಂದು ಸಲನೂ ಫೋನು ಕಿವಿಗೆ ಹಚ್ಚಿದವರಲ್ರಿ.”

ಮಾತಾಡಿ ಮಾತಾಡಿ ಬಿಸಿಯಾದ ಫೋನನ್ನು ಕಾಕಾ ಬಲಗಿವಿಯಿಂದ ಎಡಗಿವಿಗೆ ಬದಲಿಸಿದರು.

“ಅದಕ್ಕಽ ಹಿಂಗಾತವ್ವಾ,” ಎಂದರು. “ರೂಢಿ ಇರಲಿಲ್ಲ.”