ಮುಚ್ಚಲೊಲ್ಲದ ಕೊಡೆ

ಮಳೆ ನಿಂತಿತು, ಕೊಡೆ ಮಾತ್ರ ಮುಚ್ಚಲಿಲ್ಲ. ಸ್ವಿಲೆನನ ಶನಿವಾರ ಹಾಳಾಗಲು ಅಷ್ಟು ಸಾಕಾಯಿತು.

ಸ್ವಿಲೆನ್ ಸ್ತಾರಾ ಝಗೋರಾ ಪಟ್ಟಣದಲ್ಲಿ ದನದ ಡಾಕ್ಟರಾಗಲು ಓದುತ್ತಿದ್ದ ಎರಡನೆಯ ವರ್ಷದ ವಿದ್ಯಾರ್ಥಿ. ಪರೀಕ್ಷೆ ಮುಗಿದು ಸಿಕ್ಕ ಎರಡು ದಿನದ ಬಿಡುವಿನಲ್ಲಿ ದೇಶದ ಹಳೆಯ ರಾಜಧಾನಿ ತರ್ನೊವೊವನ್ನು ಕಣ್ತುಂಬ ನೋಡೋಣವೆಂದು ಬೆಳಗಿನ ಬಸ್ಸು ಹತ್ತಿದ್ದ. ಜೊತೆಗೆ ಯಾರೂ ಬೇಡ, ಯಾರ ಮಾತೂ ಬೇಡ. ಕೋಟೆಯ ಗೋಡೆಯ ಮೇಲೆ ಕೂತು, ಕೆಳಗೆ ಸುತ್ತಿಕೊಂಡು ಹರಿಯುವ ಯಾಂತ್ರಾ ನದಿಯನ್ನು ಸುಮ್ಮನೆ ನೋಡಬೇಕು, ಅಷ್ಟೇ ಅವನ ಆಸೆ. ಮಳೆ ಬಂದೀತೆಂದು ಮನೆ ಒಡತಿಯ ಕೆಂಪು ಕೊಡೆಯನ್ನು ಕೇಳಿ ತಂದಿದ್ದ. ಬಿಚ್ಚಿದರೆ ಚಪ್ಪರದಷ್ಟು ಅಗಲ.

ಕೋಟೆಯ ಬಾಗಿಲಲ್ಲಿ ಬಿಸಿಲು ಬಿತ್ತು. ಸ್ವಿಲೆನ್ ಗುಂಡಿ ಒತ್ತಿದ, ಒದರಿದ, ಮೊಣಕಾಲಿಗೆ ಕೊಟ್ಟು ಅದುಮಿದ. ಹಟ ಹಿಡಿದ ಎಮ್ಮೆಯ ಹಾಗೆ ಕೊಡೆ ಜಪ್ಪಯ್ಯ ಎನ್ನಲಿಲ್ಲ. ಯಾರ ಕಣ್ಣಿಗಾದರೂ ಕಡ್ಡಿ ತಾಗೀತೆಂದು ಅದನ್ನು ತೋಳೆತ್ತರಕ್ಕೆ ಎತ್ತಿ ಹಿಡಿದು ಒಳಗೆ ನಡೆದ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಹಿಂದೆ ಮೂವತ್ತು ಅಜ್ಜಿಯರು.

"ಯಾಕ್ ನಿಂತೆ? ನಡಿ ಮಗಾ, ಬರ್ತಿದೀವಿ," ಎಂದಳು ಮುಂದಿದ್ದವಳು. ಸ್ಟೋಯ್ನಾ ಅಜ್ಜಿ, ವಿದಿನ್ ಕಡೆಯ ಹಳ್ಳಿಯವಳು, ಗುಂಪಿನ ಯಜಮಾನಿ.

"ಅಜ್ಜೀ, ನಾನು ಗೈಡ್ ಅಲ್ಲ."

"ಹೋದ ವರ್ಷದೋನೂ ಹಿಂಗೇ ಅಂದು ಓಡಿಹೋದ. ಈ ಸಲ ಬಿಡಲ್ಲ." ಅಜ್ಜಿ ಅವನ ಚೀಲದ ಪಟ್ಟಿ ಹಿಡಿದುಕೊಂಡಳು. "ಕೆಂಪು ಕೊಡೆಯವನ ಹಿಂದೆ ಹೋಗಿ ಅಂತ ಡ್ರೈವರ್ ಹೇಳಿದಾನೆ. ಇದು ಕೆಂಪು ತಾನೇ?"

"ಕೆಂಪೇ."

"ಕೊಡೆ ತಾನೇ?"

"ಕೊಡೆಯೇ. ಆದ್ರೆ..."

"ಮತ್ತೇನ್ ತಕರಾರು ನಿಂದು?"

ಸ್ವಿಲೆನ್ ಬಿರುಸಾಗಿ ನಡೆದ. ಅವನವು ಗುಡ್ಡದ ಹಳ್ಳಿಯ ಕಾಲುಗಳು. ಅಜ್ಜಿಯರು ಅವನಿಗಿಂತ ಬಿರುಸಾಗಿ ನಡೆದರು. ಶೂ ಲೇಸು ಕಟ್ಟಲು ಬಗ್ಗಿದರೆ ಅವನ ಪಾದದ ಕೆಳಗಿನ ಕಲ್ಲನ್ನು ಮೂವತ್ತು ಫೋನುಗಳು ಫೋಟೋ ಹಿಡಿದವು. ತಪ್ಪಿಸಿಕೊಳ್ಳಲು ಶೌಚಾಲಯಕ್ಕೆ ನುಗ್ಗಿದರೆ ಬಾಗಿಲಾಚೆ ಸಾಲು ನಿಂತು, "ಇದು ಯಾವ ರಾಜ ಕಟ್ಸಿದ್ದು?" ಎಂದು ಕೂಗಿದರು.

ಹೊರಗೆ ಬಂದಾಗ ರುಸಾನಾ ಎಂಬ ಸಣಕಲು ಅಜ್ಜಿ ಅವನ ಕೈ ಹಿಡಿದಳು. "ಹನ್ನೊಂದು ವರ್ಷದಿಂದ ಹಸು ಬಿಟ್ಟು ಎಲ್ಲೂ ಹೋದವಳಲ್ಲಪ್ಪ ನಾನು. ಇವತ್ತು ಅದನ್ನ ಪಕ್ಕದ ಮನೆಯವಳಿಗೆ ಒಪ್ಪಿಸಿ ಬಂದಿದೀನಿ. ಊರಿಗೆ ಹೋಗಿ ಹೇಳ್ಕೊಳ್ಳೋಕೆ ಏನಾದ್ರೂ ಒಂದು ಮಾತು ಕೊಡಪ್ಪಾ."

ಸ್ವಿಲೆನನಿಗೆ ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಇತಿಹಾಸದಲ್ಲಿ ಅವನು ಸೊನ್ನೆ. ಗೊತ್ತಿದ್ದದ್ದು ದನ ಮಾತ್ರ. ಬಂಡೆಯಲ್ಲಿದ್ದ ಒಂದು ಗುಳಿ ತೋರಿಸಿ ಬಾಯಿಗೆ ಬಂದದ್ದು ಹೇಳಿಬಿಟ್ಟ: "ಇದು... ರಾಜರ ಹಸು ನೀರು ಕುಡೀತಿದ್ದ ಬಾನಿ. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ್ರು. ರಾಜಕುಮಾರನಿಗೆ ಆ ಹಸುವಿನ ಹಾಲೇ ಗತಿ. ಅಂಥದ್ರಲ್ಲಿ ಒಂದಿನ ಹಸಿ ಹುಲ್ಲು ಮೇಯ್ದು ಹಸುವಿನ ಹೊಟ್ಟೆ ಉಬ್ಬರಿಸಿಬಿಡ್ತು."

"ಎಡ ಮಗ್ಗುಲೋ, ಬಲವೋ?" ಎಂದಳು ಸ್ಟೋಯ್ನಾ ಅಜ್ಜಿ.

"ಎಡ."

"ಎಣ್ಣೆ ಕುಡಿಸ್ಬೇಕಿತ್ತು."

"ಮುತ್ತಿಗೆ ಅಜ್ಜೀ. ಎಣ್ಣೆ ಎಲ್ಲಿಂದ ತರೋದು?"

ಮೂವತ್ತು ನಿಟ್ಟುಸಿರು ಒಟ್ಟಿಗೆ ಹೊರಟವು. ಸ್ವಿಲೆನನಿಗೆ ಹುಮ್ಮಸ್ಸು ಬಂತು. "ಮಹಾರಾಣಿಯೇ ಕೂತು ಅದರ ಹೊಟ್ಟೆ ನೀವಿದಳು. ಕೊನೆಗೆ ಹಸು ಒಂದು ತೇಗು ತೇಗಿತು ನೋಡಿ! ಗುಡ್ಡವೇ ಕುಸೀತು ಅಂದ್ಕೊಂಡು ಶತ್ರುಗಳು ನದಿ ಹಾರಿ ಓಡಿದ್ರು."

ಚಪ್ಪಾಳೆಗೆ ಪಾರಿವಾಳಗಳು ಎದ್ದವು. ರುಸಾನಾ ಅಜ್ಜಿ ಕಣ್ಣೊರೆಸಿಕೊಂಡು, ಮನೆಯಿಂದ ತಂದ ಗಿಣ್ಣು ತುಂಬಿದ ಬಾನಿತ್ಸ ರೊಟ್ಟಿ ಮುರಿದು ಅವನ ಬಾಯಿಗೇ ತುರುಕಿದಳು. ಅದನ್ನು ನುಂಗುವ ಮೊದಲೇ ಸ್ಟೋಯ್ನಾ ಅಜ್ಜಿ ಎದುರಿನ ಗೋಪುರಕ್ಕೆ ಬೆರಳು ಮಾಡಿದಳು: "ಅಲ್ಲೇನಾಯ್ತು?"

ಅಲ್ಲಿ ಕುದುರೆಗೆ ಲಾಳ ಸಡಿಲವಾಯಿತು. ಮುಂದಿನದರಲ್ಲಿ ಕುರಿಗೆ ಜಂತುಹುಳ. ಮಧ್ಯಾಹ್ನ ಮೀರುವಷ್ಟರಲ್ಲಿ ರಾಜವಂಶದ ಮೇಕೆ, ಕತ್ತೆ, ಹಂದಿಗಳೆಲ್ಲ ಖಾಲಿಯಾಗಿ, ಸ್ವಿಲೆನನ ಗಂಟಲೂ ಕಟ್ಟುತ್ತ ಬಂತು. ನದಿಯನ್ನು ಅವನಿನ್ನೂ ಒಮ್ಮೆಯೂ ನೋಡಿರಲಿಲ್ಲ.

ಆಗ ಎದುರಿಗೆ ದೇವರೇ ಇಳಿದು ಬಂದಂತೆ ಒಬ್ಬ ಗೈಡ್ ಬಂದ. ಐವತ್ತರ ಆಸಾಮಿ, ಕೈಯಲ್ಲಿ ಹಳದಿ ಬಾವುಟ, ಕೊರಳಲ್ಲಿ ಸೀಟಿ, ಹಿಂದೆ ಶಿಸ್ತಾಗಿ ಮೂವತ್ತು ಜನ ನಿವೃತ್ತ ಅಂಚೆಯವರು. ಗೋಡೆಯತ್ತ ಕೈ ತೋರಿಸಿ ಏನೋ ವಿವರಿಸುತ್ತಿದ್ದ. ಮುದುಕರು ತಲೆ ತೂಗುತ್ತಿದ್ದರು. ಸ್ವಿಲೆನ್ ಓಡಿಹೋಗಿ ಅವನ ತೋಳು ಹಿಡಿದು ಪಕ್ಕಕ್ಕೆಳೆದ.

"ಅಣ್ಣಾ, ನಿಮ್ಮ ಕಾಲು ಹಿಡ್ಕೋತೀನಿ. ನಾನು ಗೈಡ್ ಅಲ್ಲ. ಕೊಡೆ ಮುಚ್ಚಲಿಲ್ಲ, ಇವರು ಬಿಡಲಿಲ್ಲ. ಇವರನ್ನೂ ನಿಮ್ಮ ಗುಂಪಿಗೆ ಸೇರಿಸ್ಕೊಂಡುಬಿಡಿ."

ಆಸಾಮಿ ಅವನನ್ನು ದಿಟ್ಟಿಸಿ ನೋಡಿದ. ಮೆಲ್ಲಗೆ ಅವನ ಕಣ್ಣಲ್ಲಿ ನೀರಾಡಿತು. "ನೀನೂನಾ?"

"ಅಂದ್ರೆ?"

"ನಾನು ಫ್ರಿಜ್ ರಿಪೇರಿಯವನು ಕಣಯ್ಯ! ಐಸ್‌ಕ್ರೀಮ್ ಅಂಗಡಿಗೆ ಬಂದಿದ್ದೆ. ಕೈ ಒರೆಸೋ ಈ ಹಳದಿ ಬಟ್ಟೆ ಬೀಸಿ ಟ್ಯಾಕ್ಸಿ ಕರೆದೆ. ಟ್ಯಾಕ್ಸಿ ಬರಲಿಲ್ಲ, ಇವರು ಬಂದ್ರು, ಕೊರಳಿಗೆ ಈ ಸೀಟೀನೂ ಹಾಕಿದ್ರು. ಬೆಳಿಗ್ಗೆ ಎಂಟರಿಂದ ಇದೇ ಪಾಡು."

"ಮತ್ತೆ ಅಷ್ಟೊಂದು ಇತಿಹಾಸ ಹೇಳ್ತಿದ್ರಲ್ಲಾ?"

"ಮಹಾರಾಣಿ ಬೇಸಿಗೇಲಿ ಮೊಸರು ಎಲ್ಲಿಡ್ತಿದ್ಲು ಅಂತ ಹೇಳ್ತಿದ್ದೆ. ಗೊತ್ತಿರೋದು ಅಷ್ಟೇ."

ಸ್ವಿಲೆನ್ ಬಾಯಿ ಮುಚ್ಚುವುದರೊಳಗೆ ಸೀಟಿ ಅವನ ಕೊರಳಿಗೂ ಹಳದಿ ಬಟ್ಟೆ ಅವನ ಹೆಗಲಿಗೂ ಬಂದವು. "ಮಹನೀಯರೇ, ಇನ್ಮೇಲೆ ಇವರು ನಿಮ್ಮ ಗೈಡು. ದೊಡ್ಡ ವಿದ್ವಾಂಸರು!" ಎಂದು ಸಾರಿ, ಫ್ರಿಜ್ಜಿನವನು ಸ್ಪ್ಯಾನರುಗಳ ಚೀಲವನ್ನು ಝಣಝಣ ಕುಣಿಸುತ್ತ ಇಳಿಜಾರಿನಲ್ಲಿ ಓಟ ಕಿತ್ತ.

ಅಂಚೆಯವರಲ್ಲಿ ಹಿರಿಯನೊಬ್ಬ ಕಿವಿಗೆ ಕೈಯಿಟ್ಟುಕೊಂಡು ಮುಂದೆ ಬಂದ. "ಸ್ವಾಮೀ, ಆತನ ಮಾತು ಅರ್ಧವೂ ಕೇಳಿಸಲಿಲ್ಲ. ಕೆಳಗಿನ ಬಾಗಿಲಿಂದ ಶುರು ಮಾಡಿ, ಸ್ವಲ್ಪ ಜೋರಾಗಿ."

ಸ್ವಿಲೆನ್ ಬಾಯಿ ತೆರೆದ. ಗಾಳಿ ಬಂತು, ಸ್ವರ ಬರಲಿಲ್ಲ. ಬೇರೆ ದಾರಿ ಕಾಣದೆ ಸೀಟಿ ಊದಿದ. ಅರವತ್ತು ಜನ ಥಟ್ಟನೆ ಸಾಲಾಗಿ ನಿಂತರು. ಕೆಳಗೆ ಕೋಟೆ ಬಾಗಿಲಲ್ಲಿ ಆಗಷ್ಟೇ ಬಂದು ನಿಂತ ಬಸ್ಸಿನಿಂದ ನಲವತ್ತು ಜನ ಇಳಿಯುತ್ತಿದ್ದರು. ಸೀಟಿ ಕೇಳಿದ್ದೇ ತಡ, "ಅಗೋ ಅಲ್ಲಿದಾನೆ ನಮ್ಮ ಗೈಡು!" ಎಂದು ಕೂಗಿ, ಬುತ್ತಿ ಚೀಲಗಳನ್ನು ಹೆಗಲಿಗೇರಿಸಿ ಓಡೋಡಿ ಬಂದು ಸಾಲಿನ ಕೊನೆಗೆ ಸೇರಿಕೊಂಡರು.